ಎರಡು ಮನೆಗಳ ನಡುವಿನ ಸ್ವರ

ಯಕ್ಷಗಾನದ ಭಾಗವತರು ತಮ್ಮ ಶ್ರುತಿಯನ್ನು ‘ಕಪ್ಪು ಎರಡು’, ‘ಬಿಳಿ ನಾಲ್ಕು’ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಹಾರ್ಮೋನಿಯಂನ ಮನೆಗಳ ಬಣ್ಣ ಮತ್ತು ಎಣಿಕೆಯೇ ಅಲ್ಲಿ ಶ್ರುತಿಯ ಹೆಸರಾಗಿದೆ. ಯುರೋಪಿನಿಂದ ಬಂದ ವಾದ್ಯವೊಂದು ನಮ್ಮ ಹಾಡುಗಾರಿಕೆಯ ಮಾತಿನೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಇಂದು ಆ ಹಾರ್ಮೋನಿಯಂ ಇದ್ದ ಜಾಗದಲ್ಲಿ ಎಲೆಕ್ಟ್ರಾನಿಕ್ ಕೀಬೋರ್ಡು, ಅದರ ಪಕ್ಕದಲ್ಲಿ ಕಂಪ್ಯೂಟರು ಬಂದು ಕುಳಿತಿವೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳ ಕನ್ನಡಿಗರಲ್ಲಿ ರಾಜ್ಯೋತ್ಸವದ ಭಾವಗೀತೆಗೆ, ಮಕ್ಕಳ ದೇವರನಾಮಕ್ಕೆ, ಸಂಘದ ನಾಟಕದ ಹಿನ್ನೆಲೆಗೆ ಬೇಕಾದ ಸಂಗೀತವನ್ನು ಮನೆಯಲ್ಲೇ ಕೂಡಿಸಿ ಧ್ವನಿಮುದ್ರಿಸಿಕೊಳ್ಳುವವರು ಇದ್ದಾರೆ. ಯಾವ ಕೀಬೋರ್ಡನ್ನು ಕೊಳ್ಳಬೇಕು, ಯಾವ ಸೀಕ್ವೆನ್ಸರ್ ತಂತ್ರಾಂಶವನ್ನು ಆರಿಸಿಕೊಳ್ಳಬೇಕು ಎಂಬ ಪ್ರಶ್ನೆ ಅವರಿಗೆ ಸಹಜವಾಗಿಯೇ ಎದುರಾಗುತ್ತದೆ.

ಈ ಪ್ರಶ್ನೆಗೆ ಅಂಗಡಿಯ ಉತ್ತರ ಸುಲಭವಾದುದು: ಇದರಲ್ಲಿ ಇಷ್ಟು ನೂರು ನಾದಗಳಿವೆ, ಇಷ್ಟು ತಾಳಗಳಿವೆ, ಬೆಲೆ ಇಷ್ಟು. ನಾವು ಅದೇ ಪ್ರಶ್ನೆಯನ್ನು ಇತಿಹಾಸದ ಕಡೆಯಿಂದ ನೋಡಬಯಸುತ್ತೇವೆ. ಮನೆಗಳುಳ್ಳ ಪ್ರತಿಯೊಂದು ವಾದ್ಯದಲ್ಲಿಯೂ ಸ್ವರಗಳ ಬಗೆಗೆ ಯಾರೋ ಮೊದಲೇ ಮಾಡಿಟ್ಟ ಒಂದು ತೀರ್ಮಾನ ಅಡಗಿದೆ. ಆ ತೀರ್ಮಾನದಿಂದ ನಮ್ಮ ಸಂಗೀತದ ಯಾವ ಅಂಶ ಹೊರಗುಳಿಯಿತು, ಅದನ್ನು ಒಳಕ್ಕೆ ತರಲು ನಮ್ಮವರು ಏನು ಮಾಡಿದರು ಎಂಬುದನ್ನು ತಿಳಿದರೆ ಆಯ್ಕೆಯ ದಾರಿ ತಾನಾಗಿ ನಿಚ್ಚಳವಾಗುತ್ತದೆ.

ಎಡಗೈ ತಿದಿಗೆ ಹೋದ ಕಥೆ

ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬ್ಯಾಂ ೧೮೪೨ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನ ವಾದ್ಯಕ್ಕೆ ಹಕ್ಕುಪತ್ರ ಪಡೆದನು. ಕಾಲಿನಿಂದ ತಿದಿಯನ್ನು ಒತ್ತುತ್ತ, ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳಿಂದ ನುಡಿಸುವ ವಾದ್ಯವದು. ಹಲವು ಸ್ವರಗಳನ್ನು ಒಟ್ಟಿಗೆ ಹಿಡಿಯುವ ಪಾಶ್ಚಾತ್ಯ ಸಂಗೀತಕ್ಕೆ ಎರಡು ಕೈಗಳೂ ಬೇಕು. ಅದು ಭಾರತಕ್ಕೆ ಬಂದ ಮೇಲೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ, ಕೈತಿದಿಯ ಪುಟ್ಟ ಪೆಟ್ಟಿಗೆಯಾಗಿ ರೂಪಾಂತರಗೊಂಡಿತು. ಈ ಮಾರ್ಪಾಟಿನ ಶ್ರೇಯಸ್ಸನ್ನು ಸಾಮಾನ್ಯವಾಗಿ ಕಲ್ಕತ್ತೆಯ ದ್ವಾರ್ಕಿನ್ ಸಂಸ್ಥೆಯ ದ್ವಾರಕಾನಾಥ ಘೋಷರಿಗೆ ಕೊಡುತ್ತಾರೆ. ನೆಲದ ಮೇಲೆ ಚಾಪೆ ಹಾಸಿ ಕುಳಿತು ಹಾಡುವವರ ಪಕ್ಕದಲ್ಲಿ ವಾದ್ಯವೂ ಕೂರುವಂತಾಯಿತು.

ಈ ಬದಲಾವಣೆಯಲ್ಲಿ ಒಂದು ದೊಡ್ಡ ತೀರ್ಮಾನ ಅಡಗಿದೆ. ಎಡಗೈ ತಿದಿಗೆ ಹೋಯಿತು. ಸ್ವರಗಳಿಗೆ ಉಳಿದದ್ದು ಬಲಗೈ ಒಂದೇ. ಸ್ವರಮೇಳವನ್ನು ಬಿಟ್ಟುಕೊಟ್ಟು ಒಂದೇ ಎಳೆಯ ರಾಗವನ್ನು ಉಳಿಸಿಕೊಂಡ ಆಯ್ಕೆ ಇದು. ಬಂದ ವಾದ್ಯವನ್ನು ನಮ್ಮವರು ಬಂದಂತೆಯೇ ಒಪ್ಪಲಿಲ್ಲ, ತಮ್ಮ ಸಂಗೀತಕ್ಕೆ ಬೇಡದ್ದನ್ನು ಕಡಿದು ಹಾಕಿದರು. ಆದರೆ ಕನ್ನಡದ ವೃತ್ತಿ ರಂಗಭೂಮಿಯಲ್ಲಿ ಕಾಲಿನಿಂದ ತಿದಿಯೊತ್ತುವ ಲೆಗ್ ಹಾರ್ಮೋನಿಯಂ ಕೂಡ ಬಹುಕಾಲ ಉಳಿಯಿತು. ಕಂಪನಿ ನಾಟಕದ ಹಾರ್ಮೋನಿಯಂ ಮಾಸ್ತರರೇ ಸಂಗೀತ ನಿರ್ದೇಶಕರು, ನಟರಿಗೆ ಹಾಡು ಕಲಿಸುವ ಗುರುಗಳು. ಉತ್ತರ ಕರ್ನಾಟಕದಲ್ಲಿ ಇದು ‘ಪೇಟಿ’ಯಾಗಿ ಭಜನೆ, ಬಯಲಾಟ, ಖಯಾಲು ಎಲ್ಲದರ ಜೊತೆಗೂ ನಡೆಯಿತು.

ಮನೆ ಮನೆಗೂ ಬಂದ ಈ ವಾದ್ಯಕ್ಕೆ ವಿದ್ವಾಂಸರಿಂದ ಬಂದ ಆಕ್ಷೇಪಗಳು ಮುಖ್ಯವಾಗಿ ಎರಡು. ಮೊದಲನೆಯದು ಶ್ರುತಿಗೆ ಸಂಬಂಧಿಸಿದ್ದು. ಒಂದು ಸ್ಥಾಯಿಯನ್ನು ಹನ್ನೆರಡು ಸಮ ಭಾಗ ಮಾಡಿ ಮನೆಗಳನ್ನು ಹೊಂದಿಸಿದಾಗ, ಹಾಡುಗಾರನ ಕಿವಿ ತಂಬೂರಿಯಿಂದ ಪಡೆಯುವ ಸ್ವರಕ್ಕೂ ಮನೆಯ ಸ್ವರಕ್ಕೂ ವ್ಯತ್ಯಾಸ ಬೀಳುತ್ತದೆ. ಸಮ ಹಂಚಿಕೆಯ ಪ್ರತಿ ಅರ್ಧಸ್ವರವನ್ನು ನೂರು ಸೆಂಟ್ ಎಂದು ಲೆಕ್ಕ ಹಾಕುತ್ತಾರೆ. ಆ ಪ್ರಕಾರ ಅಂತರ ಗಾಂಧಾರ ಷಡ್ಜದಿಂದ ೪೦೦ ಸೆಂಟ್ ದೂರದಲ್ಲಿರುತ್ತದೆ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಷಡ್ಜದ ತಂತಿಯಿಂದ ತಾನಾಗಿ ಹೊಮ್ಮುವ ಗಾಂಧಾರ ಇರುವುದು ಸುಮಾರು ೩೮೬ರಲ್ಲಿ. ಹದಿನಾಲ್ಕು ಸೆಂಟ್‌ಗಳ ಈ ಅಂತರ ಕಾಗದದ ಮೇಲೆ ಚಿಕ್ಕದು, ಪಳಗಿದ ಕಿವಿಗೆ ಚಿಕ್ಕದಲ್ಲ. ಎರಡನೆಯ ಆಕ್ಷೇಪ ಚಲನೆಗೆ ಸಂಬಂಧಿಸಿದ್ದು. ಒಂದು ಮನೆಯಿಂದ ಇನ್ನೊಂದು ಮನೆಗೆ ಜಿಗಿಯಬಹುದೇ ಹೊರತು ಜಾರಲಾಗದು. ಮೀಂಡ್ ಇಲ್ಲ, ತೋಡಿಯ ಗಾಂಧಾರದ ಓಲಾಟವಿಲ್ಲ.

ಮೊದಲ ಆಕ್ಷೇಪಕ್ಕೆ ಪರಿಹಾರ ಹುಡುಕಿದವರು ಸಾಂಗ್ಲಿಯ ಕೆ.ಬಿ. ದೇವಲ್ ಮತ್ತು ಬ್ರಿಟಿಷ್ ಅಧಿಕಾರಿ ಇ. ಕ್ಲೆಮೆಂಟ್ಸ್. ಇಪ್ಪತ್ತೆರಡು ಶ್ರುತಿಗಳನ್ನು ನುಡಿಸಬಲ್ಲ ‘ಶ್ರುತಿ ಹಾರ್ಮೋನಿಯಂ’ ಅವರ ಪ್ರಯತ್ನದ ಫಲ. ದೇವಲರ ಶ್ರುತಿ ಪ್ರಯೋಗಗಳಲ್ಲಿ ಅಬ್ದುಲ್ ಕರೀಮ್ ಖಾನರು ಹಾಡಿ ನೆರವಾದರು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳು ಇವರೇ. ೧೯೧೬ರ ಬರೋಡ ಸಂಗೀತ ಸಮ್ಮೇಳನದಲ್ಲಿ ಈ ವಾದ್ಯ ಬಿಸಿಯಾದ ಚರ್ಚೆಗೆ ಒಳಗಾಯಿತು. ಅದು ಬಳಕೆಯಲ್ಲಿ ಊರಲಿಲ್ಲ. ನಮಗೆ ತೋರುವ ಕಾರಣ ಇದು: ಹನ್ನೆರಡು ಮನೆಗಳ ಬದಲು ಇಪ್ಪತ್ತೆರಡು ಮನೆ ಕಟ್ಟಿದರೂ ಮನೆಗಳ ನಡುವಿನ ದಾರಿ ಮುಚ್ಚಿಯೇ ಇರುತ್ತದೆ. ನಮ್ಮ ಸಂಗೀತ ಸ್ವರಸ್ಥಾನಗಳಲ್ಲಿ ಎಷ್ಟಿದೆಯೋ ಅಷ್ಟೇ ಆ ದಾರಿಯಲ್ಲೂ ಇದೆ.

ಎರಡನೆಯ ಆಕ್ಷೇಪ ಕೊನೆಗೆ ಸರಕಾರಿ ನಿಷೇಧದ ರೂಪ ತಾಳಿತು. ದೆಹಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗ ನೋಡಿಕೊಳ್ಳುತ್ತಿದ್ದ ಜಾನ್ ಫೌಲ್ಡ್ಸ್ ಹಾರ್ಮೋನಿಯಂ ವಿರುದ್ಧ ಬರೆದರು. ರವೀಂದ್ರನಾಥ ಟಾಗೋರರೂ ಅದನ್ನು ವಿರೋಧಿಸಿದ್ದರು. ೧೯೪೦ರ ಮಾರ್ಚಿನಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಂತಿತು. ಈ ನಿಷೇಧ ಸಡಿಲಗೊಂಡದ್ದು ೧೯೭೧ರಲ್ಲಿ, ಅದೂ ಭಾಗಶಃ. ೧೯೫೦ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಮೊದಲ ಎರಡು ದಶಕಗಳನ್ನು ಈ ನಿಯಮದ ಅಡಿಯಲ್ಲೇ ಕಳೆಯಿತು. ಆದರೆ ರೇಡಿಯೋದ ಹೊರಗೆ ಹಾರ್ಮೋನಿಯಂ ಬೆಳೆಯುತ್ತಲೇ ಇತ್ತು. ಸವಾಯಿ ಗಂಧರ್ವರ ಹೆಸರಿನಲ್ಲಿ ಭೀಮಸೇನ ಜೋಶಿಯವರು ಪುಣೆಯಲ್ಲಿ ಆರಂಭಿಸಿದ ಮಹೋತ್ಸವದಲ್ಲಿ ಹಾರ್ಮೋನಿಯಂ ಪಕ್ಕವಾದ್ಯವಾಗಿ ಗೌರವದ ಸ್ಥಾನ ಪಡೆಯಿತು. ಅಪ್ಪಾ ಜಳಗಾಂವಕರ್, ಧಾರವಾಡದ ವಸಂತ ಕನಕಾಪುರ ಮುಂತಾದವರು ತಿದಿಯ ಒತ್ತಡವನ್ನು ಹದವಾಗಿ ಏರಿಳಿಸಿ, ಬೆರಳುಗಳನ್ನು ಮನೆಯಿಂದ ಮನೆಗೆ ಒಂದರ ಮೇಲೊಂದು ಹೊರಳಿಸಿ, ಇಲ್ಲದ ಮೀಂಡಿನ ನೆರಳನ್ನಾದರೂ ಕೇಳುಗರಿಗೆ ತೋರಿಸಿದರು.

ವಿದ್ಯುತ್ತಿನ ಮನೆಗಳು

ಹಾರ್ಮೋನಿಯಂ ಎಲ್ಲಿ ಸೋತಿತೋ ಅಲ್ಲಿಂದಲೇ ವಿದ್ಯುತ್ ವಾದ್ಯಗಳ ಕಥೆ ಆರಂಭವಾಗುತ್ತದೆ. ೧೯೫೪ರ ಹಿಂದಿ ಚಿತ್ರ ‘ನಾಗಿನ್’ನಲ್ಲಿ ಹಾವಾಡಿಗನ ಪುಂಗಿಯಾಗಿ ಕೇಳಿಸುವುದು ನಿಜವಾದ ಪುಂಗಿಯಲ್ಲ, ಕ್ಲಾವಿಯೊಲಿನ್ ಎಂಬ ವಿದ್ಯುತ್ ಕೀಬೋರ್ಡು, ಮುಂಬಯಿಯಲ್ಲಿ ಅದನ್ನು ನುಡಿಸಿದವರು ಮುಂದೆ ಸಂಗೀತ ನಿರ್ದೇಶಕರಾಗಿ ಹೆಸರಾದ ಕಲ್ಯಾಣಜಿ. ೧೯೬೯ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಮೂಗ್ ಸಿಂಥಸೈಜರ್ ಬಂತು. ಅಮೆರಿಕದ ಡೇವಿಡ್ ಟ್ಯೂಡರ್ ಅಲ್ಲಿ ಎಲೆಕ್ಟ್ರಾನಿಕ್ ಸಂಗೀತದ ಕೋಣೆಯನ್ನು ಅಣಿಗೊಳಿಸಿದರು. ಗೀತಾ ಸಾರಾಭಾಯಿ ಮೊದಲಾದವರು ಕೆಲವು ವರ್ಷ ಅದರಲ್ಲಿ ಪ್ರಯೋಗ ನಡೆಸಿದರು. ಆ ಟೇಪುಗಳು ದಶಕಗಳ ಕಾಲ ಮರೆವಿಗೆ ಸಂದು, ಸಾರ್ವಜನಿಕರಿಗೆ ತಲುಪಿದ್ದು ೨೦೨೩ರಲ್ಲಿ.

ಬೆಂಗಳೂರಿನಲ್ಲಿ ಬೇರೊಂದು ದಾರಿ ತೆರೆಯಿತು. ಕೊಳಲು ವಾದಕರೂ ಎಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರ ರೇಡೆಲ್ ಸಂಸ್ಥೆ ೧೯೭೯ರ ಹೊತ್ತಿಗೆ ಎಲೆಕ್ಟ್ರಾನಿಕ್ ತಂಬೂರಿಯನ್ನು ತಂದಿತು. ಇದರಲ್ಲಿ ಮನೆಗಳೇ ಇಲ್ಲ; ಗುಬುಟು ತಿರುಗಿಸಿ, ತಮ್ಮ ಕಂಠಕ್ಕೆ ಹೊಂದುವ ಶ್ರುತಿಯನ್ನು ಕಿವಿಯಿಂದಲೇ ಹಿಡಿಯಬೇಕು. ಹೊರಗಿನ ವಾದ್ಯವನ್ನು ಒಗ್ಗಿಸಿಕೊಳ್ಳುವ ಬದಲು ನಮ್ಮ ಸಂಗೀತದ ಅಗತ್ಯದಿಂದಲೇ ಹುಟ್ಟಿದ ವಿದ್ಯುತ್ ವಾದ್ಯವಿದು. ತಂಬೂರಿ ಇಟ್ಟುಕೊಳ್ಳಲು ಜಾಗವಿಲ್ಲದ, ಮೀಟುವ ಶಿಷ್ಯರೂ ಸಿಗದ ಮಹಾನಗರದ ಮನೆಗಳಲ್ಲಿ ಸಂಗೀತಾಭ್ಯಾಸ ನಿಲ್ಲದಂತೆ ನೋಡಿಕೊಂಡದ್ದರಲ್ಲಿ ಈ ಪೆಟ್ಟಿಗೆಯ ಪಾತ್ರ ಹಿರಿದು.

ಸೀಕ್ವೆನ್ಸರ್ ಎಂದರೆ ಸ್ವರಗಳ ಸಾಲನ್ನು ನೆನಪಿಟ್ಟುಕೊಂಡು ಹೇಳಿದ ಲಯದಲ್ಲಿ ತಾನೇ ನುಡಿಸುವ ಯಂತ್ರ. ಅದನ್ನು ರಾಗಕ್ಕೆ ಒಗ್ಗಿಸಿದ ಅಚ್ಚರಿಯ ಉದಾಹರಣೆ ೧೯೮೨ರ ಮುಂಬಯಿಯದು. ಚಿತ್ರಸಂಗೀತದ ವಾದ್ಯವೃಂದದಲ್ಲಿ ದುಡಿದಿದ್ದ ಚರಣಜಿತ್ ಸಿಂಗ್, ಜಪಾನಿನ ರೋಲೆಂಡ್ ಸಂಸ್ಥೆಯ ಮೂರು ವಾದ್ಯಗಳನ್ನು, ಅಂದರೆ ಜುಪಿಟರ್-೮ ಕೀಬೋರ್ಡು, ಟಿಆರ್-೮೦೮ ತಾಳಯಂತ್ರ, ಟಿಬಿ-೩೦೩ ಸೀಕ್ವೆನ್ಸರುಗಳನ್ನು ಇಟ್ಟುಕೊಂಡು ಡಿಸ್ಕೋ ಲಯದಲ್ಲಿ ಹತ್ತು ರಾಗಗಳ ಧ್ವನಿಮುದ್ರಿಕೆ ತಂದರು. ಗಿಟಾರ್ ವಾದಕರ ಅಭ್ಯಾಸಕ್ಕೆ ಮಂದ್ರದ ಜೊತೆಗಾರನಾಗಲೆಂದು ಮಾಡಿದ್ದ ಟಿಬಿ-೩೦೩ರಲ್ಲಿ ಒಂದು ಸ್ವರದಿಂದ ಮುಂದಿನದಕ್ಕೆ ಜಾರುವ ಸೌಲಭ್ಯವಿತ್ತು. ಭೈರವ್, ಲಲಿತ್, ಮಾಲಕೌಂಸ್‌ಗಳ ಓಟಕ್ಕೆ ಆ ಜಾರು ಹೊಂದಿಕೊಂಡಿತು. ಧ್ವನಿಮುದ್ರಿಕೆ ಆಗ ಯಾರ ಗಮನಕ್ಕೂ ಬರಲಿಲ್ಲ. ಅದೇ ಯಂತ್ರದಿಂದ ೧೯೮೭ರಲ್ಲಿ ಷಿಕಾಗೋದಲ್ಲಿ ‘ಆಸಿಡ್ ಹೌಸ್’ ಎಂಬ ನೃತ್ಯಸಂಗೀತ ಹೊರಹೊಮ್ಮಿದ ಮೇಲೆ, ೨೦೧೦ರಲ್ಲಿ ಸಿಂಗರ ಮುದ್ರಿಕೆ ಮರುಪ್ರಕಟವಾದಾಗ, ಅದನ್ನೇ ಐದು ವರ್ಷ ಮೊದಲು ಮುಂಬಯಿಯಲ್ಲಿ ಒಬ್ಬರು ಕೇಳಿಸಿದ್ದರಲ್ಲ ಎಂದು ಜಗತ್ತು ಬೆರಗಾಯಿತು.

ಬೆರಳಿನ ಲಿಪಿ

ಇಂದಿನ ಮನೆಯ ಸಂಗೀತ ಕೋಣೆಗೆ ತಳಪಾಯ ಬಿದ್ದದ್ದು ೧೯೮೩ರಲ್ಲಿ. ಅಲ್ಲಿಯವರೆಗೆ ಒಂದು ಸಂಸ್ಥೆಯ ಕೀಬೋರ್ಡು ಇನ್ನೊಂದರದ್ದರೊಡನೆ ಮಾತಾಡುತ್ತಿರಲಿಲ್ಲ. ಅಮೆರಿಕದ ಡೇವ್ ಸ್ಮಿತ್ ಮತ್ತು ರೋಲೆಂಡ್ ಸ್ಥಾಪಕ ಇಕುತಾರೊ ಕಾಕೆಹಾಷಿ ಮುಂದೆ ನಿಂತು, ಪೈಪೋಟಿಯ ಸಂಸ್ಥೆಗಳನ್ನು ಒಂದುಗೂಡಿಸಿ, ‘ಮಿಡಿ’ ಎಂಬ ಸಾಮಾನ್ಯ ಭಾಷೆಯನ್ನು ರೂಪಿಸಿದರು. ಆ ವರ್ಷದ ಜನವರಿಯಲ್ಲಿ ಎರಡು ಬೇರೆ ಸಂಸ್ಥೆಗಳ ಕೀಬೋರ್ಡುಗಳು ಒಂದೇ ತಂತಿಯ ಮೂಲಕ ಒಟ್ಟಿಗೆ ನುಡಿದವು.

ಮಿಡಿ ಸಾಗಿಸುವುದು ನಾದವನ್ನಲ್ಲ. ಯಾವ ಮನೆ ಒತ್ತಲಾಯಿತು, ಎಷ್ಟು ರಭಸದಿಂದ, ಯಾವಾಗ ಬಿಡಲಾಯಿತು ಎಂಬ ಸುದ್ದಿಯನ್ನು. ಹಾಗಾಗಿ ಅದನ್ನು ಸ್ವರಲಿಪಿಗೆ ಹೋಲಿಸಬಹುದು. ನಮ್ಮ ಸ್ವರಲಿಪಿಯೂ ‘ಸ ರಿ ಗ ಮ’ ಎಂದು ಮನೆಗಳನ್ನು ಬರೆದಿಡುತ್ತದೆ, ಗಮಕವನ್ನು ಗುರುಮುಖಕ್ಕೆ ಬಿಡುತ್ತದೆ. ಮಿಡಿ ಕೂಡ ೧೨೮ ಮನೆಗಳನ್ನು ಎಣಿಸಿ, ಅವು ಸ್ಥಾಯಿಗೆ ಹನ್ನೆರಡರಂತೆ ಸಮವಾಗಿ ಹಂಚಿಹೋಗಿವೆ ಎಂದೇ ಭಾವಿಸಿ ಹುಟ್ಟಿತು. ೧೯೪೦ರ ಆಕ್ಷೇಪ ೧೯೮೩ರಲ್ಲಿ ಮತ್ತೆ ಎದುರು ನಿಂತಂತಾಯಿತು.

ಆದರೆ ಈ ಲಿಪಿಯಲ್ಲಿ ಒಂದು ಕಿಂಡಿ ಇತ್ತು. ಅದೇ ‘ಪಿಚ್ ಬೆಂಡ್’, ಕೀಬೋರ್ಡಿನ ಎಡತುದಿಯಲ್ಲಿರುವ, ಸ್ವರವನ್ನು ಮೇಲೆ ಕೆಳಗೆ ಬಗ್ಗಿಸುವ ಚಕ್ರ. ಮನೆಗಳ ಸಂಖ್ಯೆ ೧೨೮ ಆದರೆ ಈ ಚಕ್ರದ ಹೆಜ್ಜೆಗಳು ೧೬,೩೮೪. ಸಾಮಾನ್ಯವಾಗಿ ಅದು ಎರಡು ಅರ್ಧಸ್ವರ ಮೇಲಕ್ಕೆ, ಎರಡು ಕೆಳಕ್ಕೆ ಬಗ್ಗಿಸುತ್ತದೆ. ಆ ಲೆಕ್ಕದಲ್ಲಿ ತಂಬೂರಿಯ ಗಾಂಧಾರಕ್ಕೂ ಮನೆಯ ಗಾಂಧಾರಕ್ಕೂ ಇರುವ ಹದಿನಾಲ್ಕು ಸೆಂಟ್ ದೂರದಲ್ಲಿ ಸುಮಾರು ೫೭೦ ಹೆಜ್ಜೆಗಳು ಹಿಡಿಯುತ್ತವೆ. ಇನ್ನೊಂದು ಸ್ವಾರಸ್ಯವೂ ಇದೆ. ಈ ಚಕ್ರ ಒಂದು ವಾಹಿನಿಯ ಎಲ್ಲ ಸ್ವರಗಳನ್ನೂ ಒಟ್ಟಿಗೆ ಬಗ್ಗಿಸುವುದರಿಂದ ಸ್ವರಮೇಳ ನುಡಿಸುವವರಿಗೆ ಅದೊಂದು ಕೊರತೆ. ಒಂದೇ ಎಳೆಯ ರಾಗವನ್ನು ನುಡಿಸುವ ನಮಗೆ ಅದು ಕೊರತೆಯೇ ಅಲ್ಲ. ತಂಬೂರಿಯನ್ನು ಬೇರೆ ವಾಹಿನಿಗೆ ಹಾಕಿದರೆ ಸಾಕು, ರಾಗ ಬಗ್ಗಿದರೂ ಷಡ್ಜ ಅಲುಗುವುದಿಲ್ಲ.

ನೂರು ವರ್ಷಗಳ ಹಿಂದೆ ಎಡಗೈ ಮನೆಗಳನ್ನು ಬಿಟ್ಟು ತಿದಿಗೆ ಹೋಗಿತ್ತು. ವಿದ್ಯುತ್ ಬಂದು ತಿದಿಯ ಕೆಲಸ ತೀರಿದಾಗ ಆ ಎಡಗೈಗೆ ಚಕ್ರ ಸಿಕ್ಕಿತು. ಚೆನ್ನೈನ ಕೆ. ಸತ್ಯನಾರಾಯಣನ್ ಅವರಂತಹ ವಿದ್ವಾಂಸರು ಕೀಬೋರ್ಡಿನಲ್ಲಿ ಕರ್ನಾಟಕ ಸಂಗೀತದ ಪೂರ್ಣ ಕಛೇರಿ ನಡೆಸುವುದು ಸಾಧ್ಯವಾದದ್ದು ಈ ಎಡಗೈಯ ಸಾಧನೆಯಿಂದ.

ಕೋಣೆಯೊಳಗೆ ಬಂದ ವಾದ್ಯವೃಂದ

ಮಿಡಿಯ ಜೊತೆಗೆ ಕಂಪ್ಯೂಟರು ಸೇರಿತು. ೧೯೮೫ರ ಅಟಾರಿ ಎಸ್‌ಟಿ ಕಂಪ್ಯೂಟರಿನಲ್ಲಿ ಮಿಡಿ ತಂತಿಯ ಕಿಂಡಿಗಳು ಮೊದಲೇ ಇದ್ದವು. ೧೯೮೭ರಲ್ಲಿ ಕೇಕ್‌ವಾಕ್, ೧೯೮೯ರಲ್ಲಿ ಕ್ಯೂಬೇಸ್ ತಂತ್ರಾಂಶಗಳು ಬಂದವು. ಕಾಲ ಎಡದಿಂದ ಬಲಕ್ಕೆ, ವಾದ್ಯಗಳು ಮೇಲಿನಿಂದ ಕೆಳಕ್ಕೆ ಎಂಬ ಕ್ಯೂಬೇಸ್ ತೆರೆಯ ವಿನ್ಯಾಸವನ್ನೇ ಇಂದಿನ ಬಹುತೇಕ ತಂತ್ರಾಂಶಗಳು ಅನುಸರಿಸುತ್ತವೆ.

ದಕ್ಷಿಣದಲ್ಲಿ ಈ ಬದಲಾವಣೆ ನಡೆದದ್ದು ಮದರಾಸಿನಲ್ಲಿ. ಅದರೊಡನೆ ಕನ್ನಡಕ್ಕೂ ನಂಟಿದೆ. ಕನ್ನಡ ಚಿತ್ರಗೀತೆಗಳು ಬಹುಕಾಲ ಧ್ವನಿಮುದ್ರಣಗೊಂಡದ್ದು ಅಲ್ಲಿಯೇ. ಕನ್ನಡದ ಹಿರಿಯ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶರ ಸಹಾಯಕರಾಗಿ ಇಳಯರಾಜ ಪಳಗಿದರು. ಇಳಯರಾಜರ ತಂಡದಲ್ಲಿ ಕೀಬೋರ್ಡು ನುಡಿಸಿದ ಹುಡುಗ ಮುಂದೆ ಎ.ಆರ್. ರಹಮಾನ್ ಆದರು. ೧೯೮೯ರಲ್ಲಿ ಅವರು ತಮ್ಮ ಮನೆಯ ಹಿತ್ತಲಿನಲ್ಲೇ ಧ್ವನಿಮುದ್ರಣ ಕೋಣೆ ಕಟ್ಟಿಕೊಂಡರು. ೧೯೯೨ರ ‘ರೋಜಾ’ದ ಯಶಸ್ಸಿನ ನಂತರ, ಒಬ್ಬ ವ್ಯಕ್ತಿ ಒಂದು ಕೋಣೆಯಲ್ಲಿ ಕುಳಿತು ಇಡೀ ವಾದ್ಯವೃಂದವನ್ನು ಕೂಡಿಸಬಹುದೆಂಬುದು ದೇಶಕ್ಕೇ ತಿಳಿಯಿತು.

ಈ ಸ್ವಾತಂತ್ರ್ಯಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಮದರಾಸು, ಮುಂಬಯಿಗಳ ದೊಡ್ಡ ಸ್ಟುಡಿಯೋಗಳಲ್ಲಿ ಹತ್ತಾರು ಪಿಟೀಲು, ಸೆಲ್ಲೋ, ಕೊಳಲು, ಸಿತಾರ್ ವಾದಕರು ಒಟ್ಟಿಗೆ ಕುಳಿತು ನುಡಿಸುತ್ತಿದ್ದರು. ಮುಂಬಯಿಯಲ್ಲಿ ಗೋವೆಯಿಂದ ಬಂದ ವಾದಕರು ಎರಡು ಮೂರು ತಲೆಮಾರು ಈ ದುಡಿಮೆಯನ್ನು ನಂಬಿದ್ದರು. ತೊಂಬತ್ತರ ದಶಕದಲ್ಲಿ ಅವರ ಕೆಲಸ ಕರಗುತ್ತ ಬಂತು. ಅವರ ನಾದವೇ ತುಣುಕು ತುಣುಕಾಗಿ ಕೀಬೋರ್ಡಿನ ಗುಂಡಿಯ ಅಡಿಗೆ ಬಂದು ಸೇರಿತು. ಇಂದು ನಾವು ಮನೆಯಲ್ಲಿ ‘ಸ್ಟ್ರಿಂಗ್ಸ್’ ಎಂಬ ಗುಂಡಿ ಒತ್ತುವಾಗ ಅದರ ಹಿಂದೆ ಎಂದೋ ಎಲ್ಲೋ ಕಮಾನು ಎಳೆದ ಕೈಗಳಿವೆ. ಆದ್ದರಿಂದ ಊರಿನಲ್ಲಿ ಕೊಳಲೋ ತಬಲವೋ ಬಲ್ಲ ಒಬ್ಬರು ಸಿಗುವುದಾದರೆ ಅವರನ್ನು ಕರೆಸಿ ನುಡಿಸುವುದು ಯಂತ್ರದ ಸೋಲಲ್ಲ, ಸಂಗೀತದ ಗೆಲುವು.

ಗೆರೆಗಳ ಮೇಲಿನ ತಾಳ

ಕೀಬೋರ್ಡು ಸ್ವರವನ್ನು ಮನೆಗಳಾಗಿ ವಿಂಗಡಿಸಿದಂತೆ ಸೀಕ್ವೆನ್ಸರು ಕಾಲವನ್ನು ಗೆರೆಗಳಾಗಿ ವಿಂಗಡಿಸುತ್ತದೆ. ನಾಲ್ಕು ನಾಲ್ಕರ ಎಣಿಕೆ ಅದರ ಹುಟ್ಟುಗುಣ. ಆದಿತಾಳದ ಎಂಟಕ್ಷರ ಅದರಲ್ಲಿ ತೊಡಕಿಲ್ಲದೆ ಕೂರುತ್ತದೆ. ಮಿಶ್ರಛಾಪಿನ ಏಳು, ಖಂಡಛಾಪಿನ ಐದು, ಝಪ್‌ತಾಲದ ಹತ್ತು ಮಾತ್ರೆಗಳಿಗೆ ಎಣಿಕೆಯನ್ನು ನಾವೇ ಬದಲಿಸಬೇಕು. ಪ್ರಮುಖ ತಂತ್ರಾಂಶಗಳಲ್ಲೆಲ್ಲ ಇದು ಸಾಧ್ಯ. ವಿಲಂಬಿತ ಖಯಾಲಿನ ಕಥೆ ಬೇರೆ. ಅಲ್ಲಿ ಒಂದು ಮಾತ್ರೆಗೆ ನಾಲ್ಕೈದು ಸೆಕೆಂಡು ಹಿಡಿಯಬಹುದು. ಏಬಲ್‌ಟನ್ ಲೈವ್ ತಂತ್ರಾಂಶದ ಲಯವೋ ನಿಮಿಷಕ್ಕೆ ಇಪ್ಪತ್ತು ಬಡಿತಗಳಿಗಿಂತ ಕೆಳಗೆ ಇಳಿಯುವುದಿಲ್ಲ. ತಬಲ ವಾದಕರು ಮನಸ್ಸಿನಲ್ಲಿ ಮಾಡುವಂತೆ ಪ್ರತಿ ಮಾತ್ರೆಯನ್ನು ನಾಲ್ಕಾಗಿ ಒಡೆದು ಎಣಿಸುವುದೇ ಇದಕ್ಕೆ ಉಪಾಯ.

ಗೆರೆಯಿಂದ ಆಚೀಚೆ ಬಿದ್ದ ಸ್ವರವನ್ನು ಹತ್ತಿರದ ಗೆರೆಗೆ ಎಳೆದು ಕೂರಿಸುವ ‘ಕ್ವಾಂಟೈಸ್’ ಎಂಬ ಸೌಲಭ್ಯವನ್ನು ಜಾಗರೂಕತೆಯಿಂದ ಬಳಸಬೇಕು. ಭಾವಗೀತೆಯ ಪಲ್ಲವಿಯಲ್ಲಿ ಗಾಯಕಿ ಒಂದು ಪದವನ್ನು ಕೊಂಚ ತಡೆದು ಹಾಡಿದರೆ ಅರ್ಥ ಅಲ್ಲಿಯೇ ಇರುತ್ತದೆ. ಅದನ್ನು ಯಂತ್ರ ತಪ್ಪೆಂದು ಎಣಿಸುತ್ತದೆ. ವಚನ, ಉಗಾಭೋಗಗಳಿಗಂತೂ ಲಯದ ಟಿಕ್ ಟಿಕ್ ಸದ್ದನ್ನು ನಿಲ್ಲಿಸಿ, ಮೊದಲು ಕಂಠವನ್ನು ಧ್ವನಿಮುದ್ರಿಸಿ, ಆಮೇಲೆ ವಾದ್ಯಗಳನ್ನು ಅದರ ಹಿಂದೆ ನಡೆಸುವುದೇ ಸರಿಯಾದ ಕ್ರಮ.

ಹಾಗಾದರೆ ಯಾವುದು?

ಈ ಇತಿಹಾಸದಿಂದ ಕೆಲವು ಮಾತುಗಳು ತಾವಾಗಿ ಹೊರಡುತ್ತವೆ. ಕೀಬೋರ್ಡಿನಲ್ಲಿ ಮೊದಲು ನೋಡಬೇಕಾದದ್ದು ನಾದಗಳ ಸಂಖ್ಯೆಯನ್ನಲ್ಲ, ಎಡತುದಿಯನ್ನು. ಅಲ್ಲಿ ಸ್ವರ ಬಗ್ಗಿಸುವ ಚಕ್ರ ಇಲ್ಲದಿದ್ದರೆ ರಾಗಕ್ಕೆ ಅದು ಹಾರ್ಮೋನಿಯಂನಷ್ಟೇ ಸೀಮಿತ, ಮೇಲಾಗಿ ತಿದಿಯ ಉಸಿರೂ ಇಲ್ಲ. ಎರಡನೆಯದು, ಬೆರಳಿನ ರಭಸಕ್ಕೆ ನಾದ ಏರಿಳಿಯಬೇಕು. ಮೂರನೆಯದು, ಕಂಪ್ಯೂಟರಿಗೆ ಮಿಡಿ ಸುದ್ದಿ ಕಳಿಸುವ ಯುಎಸ್‌ಬಿ ಕಿಂಡಿ ಇರಬೇಕು. ಮನೆಗಳ ಸಂಖ್ಯೆಯನ್ನು ಕೈಯ ಅಭ್ಯಾಸ ನಿರ್ಧರಿಸಲಿ: ಮೂರು ಮೂರೂವರೆ ಸ್ಥಾಯಿಯ ಹಾರ್ಮೋನಿಯಂಗೆ ಒಗ್ಗಿದವರಿಗೆ ೪೯ ಮನೆಗಳು ಧಾರಾಳ; ಎರಡು ಕೈಗಳಿಂದ ನುಡಿಸುವವರಿಗೆ ೬೧; ಪಿಯಾನೊ ಕಲಿಯುವವರಿಗೆ ಮಾತ್ರ ೮೮. ಯಮಾಹಾದ ಪಿಎಸ್‌ಆರ್-ಐ೫೦೦ರಂತಹ, ಭಾರತಕ್ಕೆಂದೇ ಮಾಡಿದ ಮಾದರಿಗಳಲ್ಲಿ ತಂಬೂರಿ, ತಬಲ ಸಿದ್ಧವಾಗಿ ಸಿಗುತ್ತವೆ. ಅಭ್ಯಾಸಕ್ಕೆ ಇವು ಅನುಕೂಲ. ಕಂಪ್ಯೂಟರಿನಲ್ಲೇ ಎಲ್ಲವನ್ನೂ ಕೂಡಿಸುವವರಿಗೆ ತನ್ನದೇ ನಾದವಿಲ್ಲದ, ಬರಿಯ ಮನೆಗಳ ಮಿಡಿ ಕೀಬೋರ್ಡು ಸಾಕು.

ತಂತ್ರಾಂಶದ ವಿಷಯದಲ್ಲಿ ಕ್ಯೂಬೇಸ್, ಲಾಜಿಕ್, ರೀಪರ್, ಎಫ್‌ಎಲ್ ಸ್ಟುಡಿಯೋ ಎಂಬ ಹೆಸರುಗಳಲ್ಲಿ ಹಿರಿದು ಕಿರಿದೆಂಬ ಜಗಳ ವ್ಯರ್ಥ. ಆ್ಯಪಲ್ ಕಂಪ್ಯೂಟರು ಇದ್ದವರಿಗೆ ಗ್ಯಾರೇಜ್‌ಬ್ಯಾಂಡ್ ಖರ್ಚಿಲ್ಲದ ಮೊದಲ ಮೆಟ್ಟಿಲು. ಕೇಳಬೇಕಾದ ಪ್ರಶ್ನೆಗಳು ಮೂರು: ಬಗ್ಗಿಸಿದ ಸ್ವರದ ಗೆರೆಯನ್ನು ತೆರೆಯ ಮೇಲೆ ನೋಡಿ ತಿದ್ದಬಹುದೇ? ತಾಳದ ಎಣಿಕೆಯನ್ನು ಹಾಡಿನ ನಡುವೆ ಬದಲಿಸಬಹುದೇ? ಹನ್ನೆರಡು ಸಮ ಭಾಗಗಳ ಹಂಚಿಕೆಯನ್ನು ಬಿಟ್ಟು ಬೇರೆ ಶ್ರುತಿಯನ್ನು ಇಡಬಹುದೇ? ಲಾಜಿಕ್‌ನಲ್ಲಿ ಈ ಮೂರನೆಯ ಅನುಕೂಲ ಇದೆ. ಲೈವ್‌ಗೆ ಅದು ೨೦೨೪ರ ಹನ್ನೆರಡನೆಯ ಆವೃತ್ತಿಯಲ್ಲಿ ಬಂತು. ೨೦೨೦ರಲ್ಲಿ ಪ್ರಕಟವಾದ ಮಿಡಿಯ ಎರಡನೆಯ ಆವೃತ್ತಿ ಪ್ರತಿ ಸ್ವರವನ್ನೂ ಬೇರೆ ಬೇರೆಯಾಗಿ ಬಗ್ಗಿಸಲು ಅವಕಾಶ ಕೊಟ್ಟಿದೆ. ದೇವಲ್ ಮತ್ತು ಕ್ಲೆಮೆಂಟ್ಸ್ ಮರದಲ್ಲಿ, ಹಿತ್ತಾಳೆಯಲ್ಲಿ ಹುಡುಕಿದ್ದು ಇಂದು ತಂತ್ರಾಂಶದ ಒಂದು ಆಯ್ಕೆಯಾಗಿ ಕೈಗೆ ಸಿಕ್ಕಿದೆ.

ಯಂತ್ರದ ಕಡೆಯಿಂದ ಬಾಗಿಲು ತೆರೆದಿದೆ. ಉಳಿದಿರುವುದು ಕಿವಿಯ ಪ್ರಶ್ನೆ. ಹೊರನಾಡಿನಲ್ಲಿ ಬೆಳೆಯುವ ನಮ್ಮ ಎಷ್ಟೋ ಮಕ್ಕಳಿಗೆ ಸ್ವರದ ಮೊದಲ ಪರಿಚಯ ಇಂದು ಕೀಬೋರ್ಡಿನಿಂದಲೇ ಆಗುತ್ತಿದೆ. ಮನೆಗಳ ಮೇಲಿರುವುದಷ್ಟೇ ಸ್ವರವೆಂದು ಅವರು ತಿಳಿದರೆ, ತೋಡಿಯ ಗಾಂಧಾರ ಅವರಿಗೆ ಎಂದೂ ಕೇಳಿಸದೆ ಹೋಗಬಹುದು. ಕೇಳದ್ದನ್ನು ಯಾವ ಚಕ್ರದಿಂದಲೂ ನುಡಿಸಲಾಗದು. ಆದ್ದರಿಂದ ಯಾವ ಮಾದರಿಯನ್ನೇ ಕೊಂಡರೂ ಒಂದು ನಿಯಮವನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು: ತಂಬೂರಿ ಹಾಕಿ ಮೊದಲು ಹಾಡಿಸಬೇಕು, ಹಾಡಿದ್ದನ್ನು ಆಮೇಲೆ ನುಡಿಸಬೇಕು. ಬೆರಳು ಮನೆಗಳ ಮೇಲಿದ್ದರೂ ಕಿವಿ ಅವುಗಳ ನಡುವಿನ ದಾರಿಯನ್ನು ಆಗ ತಾನಾಗಿ ಹುಡುಕುತ್ತದೆ.